ಆನ್ ಆಗದ ಹೊಸ ಪಿಸಿ: ಒಂದು ದೋಷದ ಹಿಂದೆ ಅಡಗಿ ಕೂತಿದ್ದ ಇನ್ನೊಂದು

ಹೊಸದಾಗಿ ಜೋಡಿಸಿದ ಕಂಪ್ಯೂಟರ್ ಆನ್ ಆಗದಿದ್ದರೆ ಸಾಮಾನ್ಯವಾಗಿ ಎಲ್ಲರೂ ಹುಡುಕುವುದು ಒಂದೇ ಒಂದು ಕಾರಣವನ್ನು. ಯಾವುದೋ ಭಾಗ ಕೆಟ್ಟಿದೆ, ಅದನ್ನು ಬದಲಾಯಿಸಿದರೆ ಮುಗೀತು ಅನ್ನೋ ಲೆಕ್ಕ. ಈ ಪ್ರಕರಣದಲ್ಲಿ ಯಾವ ಭಾಗವೂ ಕೆಟ್ಟಿರಲಿಲ್ಲ. ಆದರೂ ಯಂತ್ರ ಮೂರು ಬೇರೆ ಬೇರೆ ಹಂತಗಳಲ್ಲಿ ನಿಂತುಹೋಯಿತು, ಮೂರಕ್ಕೂ ಬೇರೆ ಬೇರೆ ಕಾರಣ. ಅದರಲ್ಲಿ ಕೊನೆಯದು ದೋಷವೇ ಅಲ್ಲ. ಜೋಡಿಸಿದವರ ಗುರುತು ಬೇಡ, ಮಾಲೀಕರು ಅಂತ ಕರೆಯುತ್ತೇನೆ. ಬೋರ್ಡ್ (ಎಲ್ಲ ಭಾಗಗಳೂ ಕೂರುವ ಮದರ್‌ಬೋರ್ಡ್), ಪವರ್ ಸಪ್ಲೈ ಮಾಡಿದ ಕಂಪನಿಗಳ ಹೆಸರೂ ಬೇಡ. ಇಲ್ಲಿ ನಡೆದದ್ದು ಯಾವ ಕಂಪನಿಯ ಬೋರ್ಡಿನಲ್ಲಾದರೂ ನಡೆಯಬಹುದಾದದ್ದೇ.

ಹಿನ್ನೆಲೆ

ಮಾಲೀಕರಿಗೆ ಇದು ಮೊದಲ ಜೋಡಣೆ. ಆದರೆ ಓದಿಕೊಂಡು, ವಿಡಿಯೋ ನೋಡಿಕೊಂಡು, ತಯಾರಾಗಿಯೇ ಕೂತವರು. ಎಎಂ5 ಸಾಕೆಟ್ (ಪ್ರೊಸೆಸರ್ ಕೂರುವ ಜಾಗ) ಇರುವ, ಎಟಿಎಕ್ಸ್ ಅಳತೆಯ ಬೋರ್ಡ್, ಬಿ650 ಚಿಪ್‌ಸೆಟ್. ಪ್ರೊಸೆಸರ್ ರೈಜೆನ್ 7 9700ಎಕ್ಸ್. 16 ಜಿಬಿಯ ಎರಡು ಡಿಡಿಆರ್5 ರ‍್ಯಾಮ್ ಕಡ್ಡಿಗಳು, 750 ವ್ಯಾಟ್‌ನ ಮಾಡ್ಯುಲರ್ (ಕೇಬಲ್‌ಗಳನ್ನು ಬಿಚ್ಚಿ ಹಾಕಬಹುದಾದ) ಪವರ್ ಸಪ್ಲೈ, ಒಂದು ಗ್ರಾಫಿಕ್ಸ್ ಕಾರ್ಡ್, ಒಂದು ಎನ್‌ವಿಎಂಇ ಎಸ್‌ಎಸ್‌ಡಿ. ಎಲ್ಲವೂ ಹೊಸದು, ಕ್ಯಾಬಿನೆಟ್ ಒಂದನ್ನು ಬಿಟ್ಟು.

ಕ್ಯಾಬಿನೆಟ್ ಅವರ ಹಳೆಯ ಕಂಪ್ಯೂಟರಿನದು. ಗಟ್ಟಿಮುಟ್ಟಾಗಿದೆ, ಗಾಳಿ ಚೆನ್ನಾಗಿ ಆಡುತ್ತದೆ, ಸುಮ್ನೆ ಯಾಕೆ ಬಿಸಾಡೋದು ಅಂತ ಉಳಿಸಿಕೊಂಡಿದ್ದರು. ತಪ್ಪೇನಿಲ್ಲ. ಆದರೆ ಸಹಾಯ ಕೇಳಿ ನನಗೆ ಕಳಿಸಿದ ಭಾಗಗಳ ಪಟ್ಟಿಯಲ್ಲಿ ಕ್ಯಾಬಿನೆಟ್ ಇರಲೇ ಇಲ್ಲ, ಯಾಕೆಂದರೆ ಅದು ಕೊಂಡದ್ದಲ್ಲವಲ್ಲ! ಜನ ಪಟ್ಟಿಯಲ್ಲಿ ಬರೆಯುವುದು ಹೊಸ ವಸ್ತುಗಳನ್ನು ಮಾತ್ರ. ಹಳೆಯದು ಇಷ್ಟು ದಿನ ಕೆಲಸ ಮಾಡಿದೆ, ಹಾಗಾಗಿ ಅದರ ಮೇಲೆ ಅನುಮಾನವೇ ಬರುವುದಿಲ್ಲ.

ಸಮಸ್ಯೆ

ಪವರ್ ಬಟನ್ ಒತ್ತಿದರೆ ಕೂಲರ್ ಫ್ಯಾನ್ ಅರ್ಧ ಸುತ್ತು ತಿರುಗಿ ನಿಲ್ಲುತ್ತಿತ್ತು. ಬೋರ್ಡಿನ ದೀಪಗಳು ಕಣ್ಣು ಮಿಟುಕಿಸಿದಷ್ಟೇ ಹೊತ್ತು ಬೆಳಗಿ ಆರುತ್ತಿದ್ದವು. ಮಾಲೀಕರು ಹೇಳಿದ್ದು ಇಷ್ಟೇ: "ಆನ್ ಆಗ್ತಿಲ್ಲ." ಇಂಥ ಕಡೆ ನಾನು ಯಾವಾಗಲೂ ಕೇಳುವ ಇನ್ನೊಂದು ಪ್ರಶ್ನೆ ಇದೆ, ಎರಡನೇ ಸಲ ಒತ್ತಿದಾಗ ಏನಾಗುತ್ತದೆ ಅಂತ. ಉತ್ತರ ಕುತೂಹಲದ್ದು. ಎರಡನೇ ಸಲ ಒತ್ತಿದರೆ ಏನೂ ಆಗುತ್ತಿರಲಿಲ್ಲ, ಫ್ಯಾನ್ ಅಲುಗುತ್ತಲೂ ಇರಲಿಲ್ಲ. ಹಿಂಬದಿಯ ಸ್ವಿಚ್ ಆಫ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಆನ್ ಮಾಡಿದರೆ ಮತ್ತೆ ಅದೇ ಅರ್ಧ ಸುತ್ತು.

ಈ ವ್ಯತ್ಯಾಸ ಚಿಕ್ಕದು, ಆದರೆ ಬಹಳ ಹೇಳುತ್ತದೆ. ಪವರ್ ಸಪ್ಲೈ ಎಲ್ಲೋ ಶಾರ್ಟ್ ಆಗಿದೆ ಅಂತ ಕಂಡರೆ ತನ್ನನ್ನು ತಾನೇ ಆಫ್ ಮಾಡಿಕೊಳ್ಳುತ್ತದೆ, ಮತ್ತು ಬಹುತೇಕ ಪವರ್ ಸಪ್ಲೈಗಳು ಹಾಗೆ ಆಫ್ ಆದಮೇಲೆ ಗೋಡೆಯಿಂದ ಬರುವ ಕರೆಂಟ್ ಒಮ್ಮೆ ಕಡಿದು ಬರುವ ತನಕ ಮತ್ತೆ ಏಳುವುದಿಲ್ಲ. ಬಟನ್ ವೈರ್ ತಪ್ಪಾಗಿ ಹಾಕಿದ್ದರೆ ಮೊದಲ ಸಲವೂ ಏನೂ ಆಗುತ್ತಿರಲಿಲ್ಲ. ರ‍್ಯಾಮ್ ಸರಿಯಾಗಿ ಕೂರದಿದ್ದರೆ ಫ್ಯಾನ್ ಸಾಮಾನ್ಯವಾಗಿ ತಿರುಗುತ್ತಲೇ ಇರುತ್ತದೆ, ಪರದೆ ಮಾತ್ರ ಬರುವುದಿಲ್ಲ. ಅಂದರೆ ಹುಡುಕಾಟ ಶುರುವಾಗುವ ಮೊದಲೇ ಸುಳಿವು ಅಲ್ಲೇ ಇತ್ತು: ಇದು ಸತ್ತ ಯಂತ್ರವಲ್ಲ, ತನ್ನನ್ನು ಕಾಪಾಡಿಕೊಳ್ಳುತ್ತಿರುವ ಯಂತ್ರ.

ಅಷ್ಟರಲ್ಲಿ ಮಾಡಿ ನೋಡಿದ್ದು

ಮಾಲೀಕರು ಸುಮ್ಮನೆ ಕೂತಿರಲಿಲ್ಲ. ರ‍್ಯಾಮ್ ತೆಗೆದು ಹಾಕಿದ್ದರು, ಸ್ಲಾಟ್ ಬದಲಾಯಿಸಿದ್ದರು, ಬಯೋಸ್ (ಯಂತ್ರವನ್ನು ಎಬ್ಬಿಸಲು ಬೋರ್ಡಿನಲ್ಲೇ ಇರುವ ತಂತ್ರಾಂಶ) ಸೆಟ್ಟಿಂಗ್ ಅಳಿಸುವ ಪಿನ್‌ಗಳನ್ನು ಮುಟ್ಟಿಸಿದ್ದರು, ಪವರ್ ಕಾರ್ಡ್ ಬದಲಿಸಿದ್ದರು, ಗ್ರಾಫಿಕ್ಸ್ ಕಾರ್ಡ್ ಬಿಚ್ಚಿಟ್ಟಿದ್ದರು. ಆಮೇಲೆ ಪವರ್ ಸಪ್ಲೈ ಮೇಲೆ ಅನುಮಾನ ಬಂದು ಪರಿಚಯದವರ ಹತ್ತಿರ ಇನ್ನೊಂದನ್ನು ಎರವಲು ತಂದು ಹಾಕಿ ನೋಡಿದರು. ಅದೂ ಹಾಗೇ ಮಾಡಿತು. ಎರಡೂ ಪವರ್ ಸಪ್ಲೈ ಕೆಟ್ಟಿರೋಕೆ ಸಾಧ್ಯವಿಲ್ಲ, ಹಾಗಾದರೆ ಬೋರ್ಡೇ ಕೆಟ್ಟಿದೆ ಅಂತ ತೀರ್ಮಾನಿಸಿ ವಾಪಸ್ ಕಳಿಸುವ ಅರ್ಜಿ ತುಂಬುತ್ತಾ ಕೂತಿದ್ದರು.

ತರ್ಕ ಅರ್ಧ ಸರಿ. ಎರಡು ಪವರ್ ಸಪ್ಲೈ ಒಂದೇ ರೀತಿ ಆಫ್ ಆಗುತ್ತಿವೆ ಅಂದರೆ ಕಾರಣ ಪವರ್ ಸಪ್ಲೈ ಆಚೆ ಇದೆ, ನಿಜ. ಆದರೆ ಅದರಾಚೆ ಇರುವುದು ಬೋರ್ಡ್ ಒಂದೇ ಅಲ್ಲ. ಬೋರ್ಡ್ ಎಲ್ಲಿ ಕೂತಿದೆ, ಯಾವುದನ್ನು ಮುಟ್ಟಿಕೊಂಡಿದೆ ಅನ್ನೋದೂ ಸೇರುತ್ತದೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಎರವಲು ಪವರ್ ಸಪ್ಲೈ ಹಾಕುವಾಗ ಮಾಲೀಕರು ಅದರ ಕೇಬಲ್‌ಗಳನ್ನೇ ಹಾಕಿದ್ದರು. ಬಚಾವ್. ಮಾಡ್ಯುಲರ್ ಪವರ್ ಸಪ್ಲೈ ಬದಲಿಸುವಾಗ ಹಳೆಯ ಕೇಬಲ್‌ಗಳನ್ನು ಬೋರ್ಡಿನಲ್ಲೇ ಬಿಟ್ಟು, ಡಬ್ಬಿ ಮಾತ್ರ ಬದಲಾಯಿಸೋಣ ಅನ್ನಿಸುತ್ತದೆ, ಕೆಲಸ ಕಡಿಮೆ ಅಲ್ವಾ. ಬೋರ್ಡ್ ಕಡೆಯ ಪ್ಲಗ್‌ಗೆ ಮಾನದಂಡ ಇದೆ, ಪವರ್ ಸಪ್ಲೈ ಕಡೆಯ ಪ್ಲಗ್‌ಗೆ ಇಲ್ಲ. ಪ್ಲಗ್ ಸರಿಯಾಗಿ ಕೂತರೂ ಒಳಗೆ 12 ವೋಲ್ಟ್ ಇರಬೇಕಾದ ಕಡೆ ಗ್ರೌಂಡ್, 5 ವೋಲ್ಟ್ ಇರಬೇಕಾದ ಕಡೆ 12 ವೋಲ್ಟ್ ಬರಬಹುದು. ದೋಷ ಹುಡುಕಲು ಹೋಗಿ ಹೊಸ ದೋಷ ತಂದುಕೊಳ್ಳುವ ಅತಿ ಸುಲಭದ ದಾರಿ ಇದು.

ಮೊದಲ ತಿರುವು: ಬೋರ್ಡನ್ನು ಹೊರಗೆ ತೆಗೆದದ್ದು

ಮುಂದೆ ಎರಡು ದಾರಿ ಇದ್ದವು. ಒಂದು, ಕ್ಯಾಬಿನೆಟ್ ಒಳಗೇ ಒಂದೊಂದು ವೈರ್ ತೆಗೆಯುತ್ತಾ ಹೋಗುವುದು. ಇನ್ನೊಂದು, ಎಲ್ಲ ಬಿಚ್ಚಿ ಬೋರ್ಡನ್ನು ಹೊರಗಿಟ್ಟು ಪರೀಕ್ಷಿಸುವುದು. ಮಾಲೀಕರಿಗೆ ಎರಡನೆಯದು ಬೇಡವಾಗಿತ್ತು, ಅಷ್ಟು ಚೆಂದವಾಗಿ ವೈರ್‌ಗಳನ್ನು ಕಟ್ಟಿದ್ದರು ಪಾಪ. ಆದರೆ ಶಾರ್ಟ್ ಅನುಮಾನ ಇರುವಾಗ ಒಳಗೇ ಹುಡುಕುವುದರಲ್ಲಿ ಅರ್ಥವಿಲ್ಲ, ಯಾಕೆಂದರೆ ಕ್ಯಾಬಿನೆಟ್ಟೇ ಒಬ್ಬ ಆರೋಪಿ.

ಬೋರ್ಡ್ ಬಂದಿದ್ದ ರಟ್ಟಿನ ಡಬ್ಬಿಯ ಮೇಲೆ ಬೋರ್ಡ್ ಇಟ್ಟೆವು. ಅದರ ಜೊತೆ ಬಂದ ಆಂಟಿಸ್ಟಾಟಿಕ್ ಚೀಲದ ಮೇಲೆ ಇಡಬಾರದು, ಕೆಲವು ಚೀಲಗಳ ಹೊರಮೈ ಸ್ವಲ್ಪ ಕರೆಂಟ್ ಹರಿಯಬಿಡುತ್ತದೆ. ಪ್ರೊಸೆಸರ್, ಕೂಲರ್, ಒಂದೇ ಒಂದು ರ‍್ಯಾಮ್ ಕಡ್ಡಿ, ಅದೂ ಪ್ರೊಸೆಸರ್ ಕಡೆಯಿಂದ ಎಣಿಸಿದರೆ ಎರಡನೇ ಸ್ಲಾಟ್‌ನಲ್ಲಿ. 24 ಪಿನ್‌ನ ದೊಡ್ಡ ಪ್ಲಗ್, ಪ್ರೊಸೆಸರ್‌ಗೆ ಹೋಗುವ 8 ಪಿನ್‌ನ ಪ್ಲಗ್. ಅಷ್ಟೇ. ಎಸ್‌ಎಸ್‌ಡಿ ಇಲ್ಲ, ಗ್ರಾಫಿಕ್ಸ್ ಕಾರ್ಡ್ ಇಲ್ಲ. ಈ ಪ್ರೊಸೆಸರ್‌ನಲ್ಲೇ ಚಿಕ್ಕ ಗ್ರಾಫಿಕ್ಸ್ ಇರುವುದರಿಂದ ಮಾನಿಟರ್ ಕೇಬಲ್ ನೇರ ಬೋರ್ಡಿಗೆ ಹಾಕಬಹುದು. ಹೆಸರಿನ ಕೊನೆಗೆ ಎಫ್ ಇರುವ ಪ್ರೊಸೆಸರ್ ಆಗಿದ್ದರೆ ಆ ಸೌಲಭ್ಯ ಇರುತ್ತಿರಲಿಲ್ಲ, ಕಾರ್ಡ್ ಹಾಕಲೇಬೇಕಾಗುತ್ತಿತ್ತು.

ಅದಕ್ಕೂ ಮೊದಲು ಪವರ್ ಸಪ್ಲೈ ಒಂದನ್ನೇ ಪರೀಕ್ಷಿಸಿದೆವು. ಯಾವ ಭಾಗಕ್ಕೂ ಜೋಡಿಸದೆ, 24 ಪಿನ್ ಪ್ಲಗ್‌ನಲ್ಲಿ 16ನೇ ಪಿನ್ನನ್ನು ಪಕ್ಕದ ಗ್ರೌಂಡ್ ಪಿನ್‌ಗೆ ಒಂದು ಪೇಪರ್ ಕ್ಲಿಪ್‌ನಿಂದ ಮುಟ್ಟಿಸಿ ಆನ್ ಮಾಡುವುದು. ಹಳೆಯ ಪವರ್ ಸಪ್ಲೈಗಳಲ್ಲಿ ಆ ವೈರ್ ಹಸಿರು, ಈಗ ಬಹಳಷ್ಟರಲ್ಲಿ ಎಲ್ಲ ವೈರೂ ಕಪ್ಪು, ಹಾಗಾಗಿ ಎಣಿಸಿಯೇ ಹಿಡಿಯಬೇಕು. ಇದರಲ್ಲೊಂದು ಗೊಂದಲ ಇದೆ. ಈಗಿನ ಎಷ್ಟೋ ಪವರ್ ಸಪ್ಲೈಗಳ ಫ್ಯಾನ್ ಭಾರ ಕಡಿಮೆ ಇದ್ದಾಗ ತಿರುಗುವುದೇ ಇಲ್ಲ. ಅದು ನಿಂತಿದೆ ಅಂತ ಸತ್ತಿದೆ ಅನ್ನಬಾರದು. ಒಂದು ಕ್ಯಾಬಿನೆಟ್ ಫ್ಯಾನ್ ಸಿಕ್ಕಿಸಿ ನೋಡಿದೆವು, ತಿರುಗಿತು. ಪವರ್ ಸಪ್ಲೈ ಪೂರ್ತಿ ಆರೋಗ್ಯವಾಗಿದೆ ಅಂತ ಇದು ಹೇಳುವುದಿಲ್ಲ, ಏಳುತ್ತದೆ ಅಂತ ಮಾತ್ರ ಹೇಳುತ್ತದೆ. ನಮಗೆ ಆಗ ಅಷ್ಟೇ ಬೇಕಿತ್ತು.

ಆಮೇಲೆ ಬೋರ್ಡಿನ ಪವರ್ ಪಿನ್‌ಗಳೆರಡನ್ನು ಸ್ಕ್ರೂಡ್ರೈವರ್ ತುದಿಯಿಂದ ಒಂದು ಕ್ಷಣ ಮುಟ್ಟಿಸಿದಾಗ ಫ್ಯಾನ್ ತಿರುಗಿತು, ತಿರುಗುತ್ತಲೇ ಇತ್ತು. ಪರದೆ ಬರಲಿಲ್ಲ. ಆದರೆ ಆಫ್ ಆಗಲಿಲ್ಲ.

ಈಗ ಕ್ಯಾಬಿನೆಟ್ ನೋಡುವ ಸರದಿ. ಬೋರ್ಡನ್ನು ಕ್ಯಾಬಿನೆಟ್ಟಿನ ತಗಡಿಗೆ ತಾಗದಂತೆ ಎತ್ತಿ ಹಿಡಿಯುವ ಚಿಕ್ಕ ಹಿತ್ತಾಳೆ ಕಂಬಗಳಿರುತ್ತವೆ, ಸ್ಟ್ಯಾಂಡಾಫ್ ಅನ್ನುತ್ತಾರೆ. ಹಳೆಯ ಕಂಪ್ಯೂಟರಿನಲ್ಲಿ ಇದ್ದದ್ದು ಮೈಕ್ರೋ ಎಟಿಎಕ್ಸ್ ಬೋರ್ಡ್, 244 ಮಿ.ಮೀ. ಚೌಕ. ಹೊಸದು ಎಟಿಎಕ್ಸ್, 305 ಮಿ.ಮೀ. ಉದ್ದ. ಚಿಕ್ಕ ಬೋರ್ಡಿನ ಕೆಳಸಾಲಿನ ಕಂಬಗಳು ದೊಡ್ಡ ಬೋರ್ಡಿನ ಹೊಟ್ಟೆಯ ಕೆಳಗೆ ಬರುತ್ತವೆ, ಅಲ್ಲಿ ಅದಕ್ಕೆ ತೂತು ಇರುವುದಿಲ್ಲ. ಮಾಲೀಕರು ಆ ಸಾಲಿನ ಉಳಿದ ಕಂಬಗಳನ್ನು ಬಿಚ್ಚಿ ಹೊಸ ಜಾಗಕ್ಕೆ ಹಾಕಿದ್ದರು, ಒಂದು ಹಾಗೇ ಉಳಿದಿತ್ತು. ಬೋರ್ಡ್ ತಿರುಗಿಸಿ ಬೆಳಕಿಗೆ ಹಿಡಿದರೆ ಕೆಳಗಿನ ಸ್ಲಾಟ್ ಒಂದರ ಬೆಸುಗೆ ಮೊನೆಗಳ ಸಾಲಿನಲ್ಲಿ ಎರಡು ಮೊನೆ ಚಪ್ಪಟೆಯಾಗಿ ಹೊಳೆಯುತ್ತಿದ್ದವು, ಉಳಿದವು ಮಂಕಾಗಿದ್ದವು. ಕಂಬದ ತಲೆಯ ಅಂಚಿನಲ್ಲೂ ಅದೇ ಹೊಳಪಿನ ಗೀರು. ಎರಡನ್ನೂ ಪಕ್ಕಪಕ್ಕ ನೋಡಿದ ಮೇಲೆ ಮಾತು ಬೇಕಾಗಲಿಲ್ಲ.

ಇಂಥ ಹೆಚ್ಚುವರಿ ಕಂಬ ಕಣ್ಣಿಗೆ ಬೀಳದಿರುವುದಕ್ಕೆ ಕಾರಣ ಇದೆ. ಬೋರ್ಡ್ ಕೂರಿಸಿದ ಮೇಲೆ ಅದು ಕಾಣುವುದಿಲ್ಲ. ಸ್ಕ್ರೂ ಹಾಕುವಾಗಲೂ ಎಲ್ಲ ತೂತಿಗೂ ಕಂಬ ಸಿಗುತ್ತದೆ, ಏನೂ ಕಡಿಮೆಯಾದಂತೆ ಅನ್ನಿಸುವುದಿಲ್ಲ. ಕಡಿಮೆ ಇದ್ದರೆ ಗೊತ್ತಾಗುತ್ತದೆ, ಜಾಸ್ತಿ ಇದ್ದರೆ ಗೊತ್ತಾಗುವುದಿಲ್ಲ. ಹಾಗಾಗಿ ಬೋರ್ಡಿನ ತೂತುಗಳನ್ನೂ ಕ್ಯಾಬಿನೆಟ್ಟಿನ ಕಂಬಗಳನ್ನೂ ಎಣಿಸಿ ತಾಳೆ ನೋಡುವುದೇ ದಾರಿ.

ಎರಡನೇ ತಿರುವು: ಸುಟ್ಟುಹೋಗಿದೆ ಅನ್ನಿಸಿದ ಪ್ರೊಸೆಸರ್

ಮಾಲೀಕರು ಕಂಬ ಕಿತ್ತು, ಎಲ್ಲ ವಾಪಸ್ ಜೋಡಿಸಿಬಿಡೋಣ ಅಂದರು. ಬೇಡ ಅಂದೆ. ಪರದೆ ಇನ್ನೂ ಬಂದಿಲ್ಲ, ಬೋರ್ಡ್ ಹೊರಗಿರುವಾಗಲೇ ಅದನ್ನೂ ನೋಡಿಬಿಡಬೇಕು. ಈ ಪ್ರಕರಣದಲ್ಲಿ ಕೆಲಸ ಉಳಿಸಿದ ನಿರ್ಧಾರ ಅದೇ ಅಂತ ನನ್ನ ಲೆಕ್ಕ.

ಈಗಿನ ಬಹಳಷ್ಟು ಬೋರ್ಡ್‌ಗಳ ಅಂಚಿನಲ್ಲಿ ನಾಲ್ಕು ಪುಟ್ಟ ದೀಪಗಳಿರುತ್ತವೆ: ಸಿಪಿಯು (ಪ್ರೊಸೆಸರ್), ಡ್ರ್ಯಾಮ್ (ರ‍್ಯಾಮ್), ವಿಜಿಎ (ಗ್ರಾಫಿಕ್ಸ್), ಬೂಟ್. ಆನ್ ಆಗುವಾಗ ಯಂತ್ರ ಒಂದೊಂದನ್ನೇ ಪರೀಕ್ಷಿಸುತ್ತಾ ಹೋಗುತ್ತದೆ, ಎಲ್ಲಿ ಸಿಕ್ಕಿಹಾಕಿಕೊಂಡಿತೋ ಆ ದೀಪ ಉರಿಯುತ್ತಲೇ ಇರುತ್ತದೆ. ನಮ್ಮದರಲ್ಲಿ ಸಿಪಿಯು ದೀಪ ಆರಲೇ ಇಲ್ಲ.

ಮಾಲೀಕರ ಮುಖ ಬಿದ್ದುಹೋಯಿತು. "ಶಾರ್ಟ್ ಆಯ್ತಲ್ಲ, ಪ್ರೊಸೆಸರ್ ಸುಟ್ಟಿರಬೇಕು" ಅಂದರು. ಯಾರಾದರೂ ಹಾಗೇ ಅಂದುಕೊಳ್ಳುತ್ತಾರೆ. ಮೊದಲು ಶಾರ್ಟ್, ಆಮೇಲೆ ಸಿಪಿಯು ದೀಪ, ಒಂದರಿಂದಲೇ ಇನ್ನೊಂದು ಆಯಿತು ಅಂತ ಕಥೆ ತಾನೇ ಕಟ್ಟಿಕೊಳ್ಳುತ್ತದೆ. ಇಡೀ ಪ್ರಕರಣದಲ್ಲಿ ದಾರಿ ತಪ್ಪಿಸುವ ಜಾಗ ಇದೇ. ಎರಡನೇ ದೋಷ ಮೊದಲನೆಯದರ ಪರಿಣಾಮದ ಹಾಗೆ ಕಾಣುತ್ತಿತ್ತು. ಆದರೆ ಹಾಗಲ್ಲದೆಯೂ ಇರಬಹುದು, ಯಾಕೆಂದರೆ ಇಷ್ಟು ಹೊತ್ತು ಯಂತ್ರ ಈ ಹಂತದ ತನಕ ಬಂದೇ ಇರಲಿಲ್ಲ. ಸಿಪಿಯು ದೀಪ ಮೊದಲ ದಿನದಿಂದಲೂ ಹೀಗೇ ನಿಲ್ಲುತ್ತಿತ್ತೋ ಏನೋ, ನೋಡುವ ಅವಕಾಶವೇ ಸಿಕ್ಕಿರಲಿಲ್ಲ.

ಹಾಗಾಗಿ ಖರ್ಚಿಲ್ಲದ ಪರೀಕ್ಷೆ ಮೊದಲು. ಎಎಂ5 ಸಾಕೆಟ್ 2022ರ ಸೆಪ್ಟೆಂಬರಿನಲ್ಲಿ ಬಂತು, ಬಿ650 ಬೋರ್ಡ್‌ಗಳು ಅದರ ಮುಂದಿನ ತಿಂಗಳು. ಈ ಪ್ರೊಸೆಸರ್ ಬಂದದ್ದು 2024ರ ಆಗಸ್ಟ್‌ನಲ್ಲಿ. ಸಾಕೆಟ್ ಅದೇ, ಪ್ರೊಸೆಸರ್ ಸರಿಯಾಗಿ ಕೂರುತ್ತದೆ, ಆದರೆ ಅದಕ್ಕಿಂತ ಬಹಳ ಮೊದಲು ತಯಾರಾಗಿ ಗೋದಾಮಿನಲ್ಲಿ ಕೂತಿದ್ದ ಬೋರ್ಡಿನ ಬಯೋಸ್‌ಗೆ ಇಂಥದ್ದೊಂದು ಪ್ರೊಸೆಸರ್ ಇದೆ ಅನ್ನೋದೇ ಗೊತ್ತಿರುವುದಿಲ್ಲ. ಬೋರ್ಡ್ ಮೇಲೆ ಬಯೋಸ್ ಆವೃತ್ತಿ ಬರೆದ ಚಿಕ್ಕ ಸ್ಟಿಕರ್ ಇತ್ತು. ಕಂಪನಿಯ ಬೆಂಬಲ ಪಟ್ಟಿ ತೆಗೆದು ನೋಡಿದರೆ ಈ ಪ್ರೊಸೆಸರ್ ಎದುರಿಗೆ ಇದ್ದ ಆವೃತ್ತಿ ನಮ್ಮದಕ್ಕಿಂತ ಹೊಸದು. ಪ್ರೊಸೆಸರ್ ಸುಟ್ಟಿಲ್ಲ ಅಂತ ಇದರಿಂದ ಸಾಬೀತಾಗಲಿಲ್ಲ. ಆದರೆ ಸುಡದೇ ಇದ್ದರೂ ಈ ದೀಪ ಹೀಗೇ ಉರಿಯುತ್ತಿತ್ತು ಅನ್ನೋದು ಖಾತ್ರಿಯಾಯಿತು. ಅಲ್ಲಿಗೆ ಪ್ರೊಸೆಸರ್ ವಾಪಸ್ ಕಳಿಸುವ ಮಾತು ನಿಂತಿತು.

ಬೋರ್ಡಿನ ಹಿಂದೆ ಬಯೋಸ್ ಫ್ಲ್ಯಾಶ್‌ಬ್ಯಾಕ್ ಬಟನ್ ಇತ್ತು. ಪ್ರೊಸೆಸರ್ ಕೆಲಸ ಮಾಡದಿದ್ದರೂ, ಇಲ್ಲದೇ ಇದ್ದರೂ, ಪೆನ್‌ಡ್ರೈವ್‌ನಿಂದ ಹೊಸ ಬಯೋಸ್ ಹಾಕಬಹುದು. ಈ ಬಟನ್ ಇಲ್ಲದ ಬೋರ್ಡ್ ಆಗಿದ್ದರೆ ಹಳೆಯ ಪ್ರೊಸೆಸರ್ ಒಂದನ್ನು ಎರವಲು ತರಬೇಕಾಗುತ್ತಿತ್ತು. ಬೋರ್ಡ್ ಆರಿಸುವಾಗ ನೂರೆಂಟು ಸೌಲಭ್ಯ ನೋಡುತ್ತೇವೆ, ಬಣ್ಣದ ದೀಪಗಳನ್ನೂ ಎಣಿಸುತ್ತೇವೆ, ಈ ಬಟನ್ ಇದೆಯಾ ಅಂತ ನೋಡುವವರು ಕಡಿಮೆ.

ಮೊದಲ ಪ್ರಯತ್ನದಲ್ಲಿ ಬಟನ್ ದೀಪ ನಾಲ್ಕಾರು ಸಲ ಮಿನುಗಿ ನಿಂತುಬಿಟ್ಟಿತು. ಫೈಲ್ ಸಿಕ್ಕಿಲ್ಲ ಅಂತ ಅರ್ಥ. ಪೆನ್‌ಡ್ರೈವ್ ತೆಗೆದು ನೋಡಿದರೆ ಡೌನ್‌ಲೋಡ್ ಆದ ಜಿಪ್ ಫೈಲನ್ನೇ ನೇರ ಹಾಕಲಾಗಿತ್ತು. ಅದನ್ನು ಬಿಚ್ಚಿ ಒಳಗಿನ ಫೈಲ್ ತೆಗೆಯಬೇಕು, ಬೋರ್ಡಿನ ಕೈಪಿಡಿ ಹೇಳಿದ ಹೆಸರನ್ನೇ ಅದಕ್ಕೆ ಇಡಬೇಕು, ಪೆನ್‌ಡ್ರೈವ್ ಎಫ್‌ಎಟಿ32 ಮಾದರಿಯಲ್ಲಿ ಫಾರ್ಮ್ಯಾಟ್ ಆಗಿರಬೇಕು, ಯಾವುದೋ ಒಂದು ಯುಎಸ್‌ಬಿ ಕಿಂಡಿಗಲ್ಲ, ಗುರುತು ಇರುವ ಕಿಂಡಿಗೇ ಹಾಕಬೇಕು. ಇಷ್ಟರಲ್ಲಿ ಒಂದು ತಪ್ಪಿದರೂ ಬೋರ್ಡ್ ಏನೂ ಹೇಳದೆ ನಿಲ್ಲುತ್ತದೆ, ಜನ ಬೋರ್ಡ್ ಸತ್ತಿದೆ ಅಂದುಕೊಳ್ಳುತ್ತಾರೆ. ಎರಡನೇ ಸಲ ದೀಪ ಕೆಲವು ನಿಮಿಷ ಮಿನುಗುತ್ತಲೇ ಇತ್ತು, ಆಮೇಲೆ ತಾನಾಗಿ ಆರಿತು. ಆ ಹೊತ್ತಿನಲ್ಲಿ ಕರೆಂಟ್ ತೆಗೆಯಬಾರದು, ಏನನ್ನೂ ಮುಟ್ಟಬಾರದು. ಅರ್ಧ ಬರೆದ ಬಯೋಸ್ ಅಂದರೆ ಬೋರ್ಡ್ ಏಳುವುದಿಲ್ಲ. ಫ್ಲ್ಯಾಶ್‌ಬ್ಯಾಕ್ ಇದ್ದರೆ ಮತ್ತೆ ಬರೆಯಬಹುದು ನಿಜ, ಆದರೂ ಆ ಗತಿ ಬೇಡ.

ಮೂರನೇ ನಿಲುಗಡೆ

ಆನ್ ಮಾಡಿದೆವು. ಸಿಪಿಯು ದೀಪ ಆರಿತು, ಡ್ರ್ಯಾಮ್ ದೀಪ ಹತ್ತಿತು. ಅಲ್ಲೇ ನಿಂತಿತು. ಪರದೆ ಕಪ್ಪು.

ಒಂದು ನಿಮಿಷ ಆಗುವಷ್ಟರಲ್ಲಿ ಮಾಲೀಕರ ಕೈ ಸ್ವಿಚ್ ಕಡೆ ಹೋಯಿತು. ತಡೆದೆ. ಡಿಡಿಆರ್5 ಇರುವ ಯಂತ್ರ ಮೊದಲ ಸಲ ಏಳುವಾಗ ರ‍್ಯಾಮ್ ಜೊತೆ ಮಾತುಕತೆ ಕುದುರಿಸಿಕೊಳ್ಳುತ್ತದೆ. ಯಾವ ವೇಗದಲ್ಲಿ, ಯಾವ ಸಮಯಕ್ಕೆ ಸಂಕೇತ ಕಳಿಸಿದರೆ ತಪ್ಪಿಲ್ಲದೆ ತಲುಪುತ್ತದೆ ಅಂತ ಹಾಗೂ ಹೀಗೂ ಪ್ರಯತ್ನಿಸಿ ನೋಡುತ್ತದೆ. ಮೆಮೊರಿ ಟ್ರೈನಿಂಗ್ ಅನ್ನುವುದು ಇದಕ್ಕೇ. ಎಎಂ5ನಲ್ಲಿ ಇದು ಹಲವು ನಿಮಿಷ ಹಿಡಿಯಬಹುದು, ರ‍್ಯಾಮ್ ಜಾಸ್ತಿ ಇದ್ದಷ್ಟೂ ಹೊತ್ತು ಜಾಸ್ತಿ. ಈ ನಡುವೆ ಪರದೆಯಲ್ಲಿ ಏನೂ ಬರುವುದಿಲ್ಲ. ಯಂತ್ರ ತಾನೇ ಒಮ್ಮೆ ಆಫ್ ಆಗಿ ಆನ್ ಆದರೂ ಗಾಬರಿ ಬೇಡ. ನಡುವೆ ಸ್ವಿಚ್ ಒತ್ತಿದರೆ ಮಾಡಿದ್ದೆಲ್ಲ ಹೋಯಿತು, ಮೊದಲಿಂದ ಶುರು. ಮುಗಿಯುವ ಮೊದಲೇ ಆಫ್ ಮಾಡುತ್ತಾ ಹೋದರೆ ಒಳ್ಳೆಯ ಯಂತ್ರವೂ ಎಂದೂ ಆನ್ ಆಗದು.

15 ನಿಮಿಷ ಮುಟ್ಟುವುದಿಲ್ಲ ಅಂತ ಮೊದಲೇ ತೀರ್ಮಾನ ಮಾಡಿಕೊಂಡೆವು. ಅಷ್ಟು ಬೇಕಾಗಲಿಲ್ಲ. ಬಯೋಸ್ ಪರದೆ ಬಂತು, ಪ್ರೊಸೆಸರ್ ಹೆಸರು ಸರಿಯಾಗಿತ್ತು, 16 ಜಿಬಿ ತೋರಿಸುತ್ತಿತ್ತು, ಪ್ರೊಸೆಸರ್ ಬಿಸಿಯೂ ಹಿಡಿತದಲ್ಲಿತ್ತು.

ವಾಪಸ್ ಜೋಡಿಸಿದ್ದು

ಇಲ್ಲಿಂದ ಮುಂದೆ ಒಂದೊಂದೇ. ಎರಡನೇ ರ‍್ಯಾಮ್ ಕಡ್ಡಿ ನಾಲ್ಕನೇ ಸ್ಲಾಟ್‌ಗೆ, ಮತ್ತೆ ಒಂದಿಷ್ಟು ಹೊತ್ತು ಕಪ್ಪು ಪರದೆ, ಆಮೇಲೆ 32 ಜಿಬಿ. ಎಸ್‌ಎಸ್‌ಡಿ ಸೇರಿತು. ಬೋರ್ಡ್ ಕ್ಯಾಬಿನೆಟ್ ಒಳಗೆ ಹೋದ ಮೇಲೆ, ಗ್ರಾಫಿಕ್ಸ್ ಕಾರ್ಡ್ ಹಾಕುವ ಮೊದಲು, ಇನ್ನೊಂದು ಸಲ ಆನ್ ಮಾಡಿ ನೋಡಿದೆವು. ಕಾರ್ಡ್ ಹಾಕಿದ ಮೇಲೆ ಮಾನಿಟರ್ ಕೇಬಲ್ ಬೋರ್ಡಿನಿಂದ ಕಾರ್ಡಿಗೆ ಬದಲಾಯಿಸುವುದನ್ನು ಮರೆಯಬಾರದು. ರ‍್ಯಾಮ್‌ನ ಎಕ್ಸ್‌ಪೋ ಸೆಟ್ಟಿಂಗನ್ನು ಬೇಕೆಂದೇ ಆನ್ ಮಾಡಲಿಲ್ಲ. ಅದಿಲ್ಲದೆ ಈ ರ‍್ಯಾಮ್ ಡಬ್ಬಿಯ ಮೇಲೆ ಬರೆದ 6000 ಬದಲು 4800ರಲ್ಲಿ ಓಡುತ್ತದೆ, ಓಡಲಿ. ಮೊದಲು ಮೆಮ್‌ಟೆಸ್ಟ್86ನಲ್ಲಿ ರ‍್ಯಾಮ್ ತಪ್ಪಿಲ್ಲ ಅಂತ ನೋಡಿಕೊಂಡು, ವಿಂಡೋಸ್ ಹಾಕಿ, ಕೊನೆಗೆ ಎಕ್ಸ್‌ಪೋ. ಮೊದಲೇ ಅದನ್ನು ಆನ್ ಮಾಡಿದ್ದರೆ, ಆಮೇಲೆ ಏನಾದರೂ ಕೈಕೊಟ್ಟಾಗ ಇನ್ನೊಂದು ಅನುಮಾನ ಪಟ್ಟಿಗೆ ಸೇರುತ್ತಿತ್ತು.

ಬೆಸುಗೆ ಮೊನೆ ಸವೆದಿದ್ದ ಆ ಸ್ಲಾಟ್‌ನ ಬಗ್ಗೆ ಸಂಶಯ ಉಳಿದಿತ್ತು. ಪವರ್ ಸಪ್ಲೈ ಪ್ರತಿ ಸಲ ಬೇಗನೆ ಆಫ್ ಆದದ್ದರಿಂದ ಬೋರ್ಡ್ ಉಳಿಯಿತು, ಅದು ಸ್ಪಷ್ಟ. ಗ್ರಾಫಿಕ್ಸ್ ಕಾರ್ಡನ್ನು ಒಂದು ಸಲ ಆ ಸ್ಲಾಟ್‌ಗೆ ಹಾಕಿ ನೋಡಿದೆವು, ಕೆಲಸ ಮಾಡಿತು. ಆಮೇಲೆ ಅದರ ಜಾಗಕ್ಕೆ ವಾಪಸ್ ಹಾಕಿ, ಪ್ರೊಸೆಸರ್ ಮತ್ತು ಕಾರ್ಡ್ ಎರಡರ ಮೇಲೂ ಒಟ್ಟಿಗೆ ಭಾರ ಹಾಕಿ ಓಡಿಸಿದಾಗಲೂ ಆಫ್ ಆಗಲಿಲ್ಲ.

ಬೇರೆಯವರಿಗೆ ಇದರಲ್ಲಿ ಏನಿದೆ

ವಾಪಸ್ ಅರ್ಜಿ ಕಳಿಸಿಬಿಟ್ಟಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿ. ಬದಲಿ ಬೋರ್ಡ್ ಬರುತ್ತಿತ್ತು, ಅದೇ ಕಂಬದ ಮೇಲೆ ಕೂರುತ್ತಿತ್ತು, ಅದೇ ಅರ್ಧ ಸುತ್ತು. ಆಗ ಎರಡು ಪವರ್ ಸಪ್ಲೈ, ಎರಡು ಬೋರ್ಡ್ ಪರೀಕ್ಷಿಸಿ ಆಯಿತು ಅಂತ ಅನುಮಾನ ಪ್ರೊಸೆಸರ್ ಮೇಲೆ ಹೋಗುತ್ತಿತ್ತು. ಭಾಗ ಬದಲಿಸಿ ನೋಡುವುದು ಒಳ್ಳೆಯ ಉಪಾಯವೇ, ಆದರೆ ಬದಲಾಗದೆ ಉಳಿದದ್ದು ಏನು ಅನ್ನೋ ಪಟ್ಟಿಯೂ ಜೊತೆಗಿರಬೇಕು. ಇಲ್ಲಿ ಬದಲಾಗದೆ ಉಳಿದದ್ದು ಕ್ಯಾಬಿನೆಟ್.

ಇನ್ನೊಂದು, ಲಕ್ಷಣ ಬದಲಾದದ್ದನ್ನು ಮಾಲೀಕರು ಪ್ರತಿ ಸಲವೂ ಹೊಸ ಕಷ್ಟ ಅಂತ ಓದಿದರು. ಆಫ್ ಆಗುತ್ತಿದ್ದದ್ದು ಆಫ್ ಆಗದೆ ನಿಂತಿತು, ಸಿಪಿಯು ದೀಪ ಹೋಗಿ ಡ್ರ್ಯಾಮ್ ದೀಪ ಬಂತು. ನಿಜವಾಗಿ ಪ್ರತಿ ಸಲವೂ ಯಂತ್ರ ಒಂದು ಹೆಜ್ಜೆ ಮುಂದೆ ಬಂದು ನಿಂತಿತ್ತು. ಹೀಗೆ ಓದಿಕೊಂಡರೆ ಹಿಂದೆ ಮಾಡಿದ್ದನ್ನು ಬಿಚ್ಚುವ ಮನಸ್ಸಾಗುವುದಿಲ್ಲ, ಮುಂದಿನ ಹಂತ ಯಾವುದೋ ಅದನ್ನಷ್ಟೇ ನೋಡುತ್ತೇವೆ.

ಎಲ್ಲವನ್ನೂ ಕ್ಯಾಬಿನೆಟ್‌ಗೆ ಹಾಕುವ ಮೊದಲೇ ಡಬ್ಬಿಯ ಮೇಲೆ ಆನ್ ಮಾಡಿ ನೋಡಬೇಕಾ ಅಂತ ಕೇಳುವವರಿದ್ದಾರೆ. ಈ ಪ್ರಕರಣದಲ್ಲಿ ಹಾಗೆ ಮಾಡಿದ್ದರೆ ಸಿಪಿಯು ದೀಪ ಮೊದಲೇ ಕಾಣುತ್ತಿತ್ತು, ಬಯೋಸ್ ಮೊದಲೇ ಬದಲಾಗುತ್ತಿತ್ತು, ಆಮೇಲೆ ಒಳಗೆ ಹಾಕಿದಾಗ ಆಫ್ ಆದರೆ ಕಂಬವನ್ನೇ ನೇರ ಹುಡುಕುತ್ತಿದ್ದೆವು. ಆದರೆ ದೊಡ್ಡ ರೇಡಿಯೇಟರ್ ಇರುವ ವಾಟರ್ ಕೂಲರ್ ಇದ್ದರೆ ಮೇಜಿನ ಮೇಲೆ ಅದನ್ನೆಲ್ಲ ಹರಡಿಕೊಂಡು ಒದ್ದಾಡಬೇಕು, ಎಲ್ಲರಿಗೂ ಆಗುವ ಕೆಲಸವಲ್ಲ. ಅಂಥವರು ಕಡೇಪಕ್ಷ ಬೋರ್ಡ್ ಇನ್ನೂ ಕೈಯಲ್ಲಿರುವಾಗ ಬಯೋಸ್ ಸ್ಟಿಕರಿನ ಫೋಟೋ ಒಂದು, ಖಾಲಿ ಕ್ಯಾಬಿನೆಟ್ಟಿನ ಕಂಬಗಳ ಫೋಟೋ ಒಂದು ತೆಗೆದಿಟ್ಟುಕೊಳ್ಳಿ. ಬೋರ್ಡ್ ಕೂತು, ಅದರ ಮೇಲೆ ಕೂಲರ್, ಕಾರ್ಡ್ ಎಲ್ಲ ಬಂದ ಮೇಲೆ ಆ ಎರಡನ್ನೂ ನೋಡಲು ಮತ್ತೆ ಎಲ್ಲ ಬಿಚ್ಚಬೇಕಾಗುತ್ತದೆ.